ಅಬ್ಕಾರಿ ಹಣ ಬೊಕ್ಕಸಕ್ಕೆ, ಕಾಯಿಲೆ ಕಾರ್ಮಿಕನ ಮನೆಗೆ

ನಮ್ಮ ಜಿಲ್ಲೆಯವರೇ ಆದ ಶ್ರೀ ಸಿದ್ದರಾಮಯ್ಯನವರು ಮುಖ್ಯಮಂತ್ರಿಗಳಾಗಿ 2025ರ ಮಾರ್ಚಿನಲ್ಲಿ ಆಯವ್ಯಯ ಮಂಡಿಸಿದಾಗ, 2025-26ನೆಯ ಸಾಲಿಗೆ ಅಬ್ಕಾರಿಯಿಂದ ಬರಬೇಕೆಂದು ಗೊತ್ತುಮಾಡಿದ ವರಮಾನ 40,000 ಕೋಟಿ ರೂಪಾಯಿ. ಅದರ ಹಿಂದಿನ ಸಾಲಿಗೆ ಇಟ್ಟಿದ್ದ ಗುರಿ 38,525 ಕೋಟಿ. ದಿನದ ಲೆಕ್ಕ ಹಾಕಿದರೆ ದಿನವೊಂದಕ್ಕೆ ಸುಮಾರು 110 ಕೋಟಿ ರೂಪಾಯಿ ಬಾಟಲಿಯ ಬಾಯಿಂದ ಬೊಕ್ಕಸಕ್ಕೆ ಹರಿಯಬೇಕು!

ಈ ಹಣ ಎಲ್ಲಿಯದು? ಶ್ರೀಮಂತರೂ ಕುಡಿಯುತ್ತಾರೆ, ನಿಜ. ಆದರೆ ಮೇಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಬರುವವನೂ, ಸಂತೆಪೇಟೆಯಲ್ಲಿ ಮೂಟೆ ಹೊರುವವನೂ, ಮಂಡಿ ಮೊಹಲ್ಲಾದ ಸಣ್ಣ ಅಂಗಡಿಯವನೂ ಕ್ವಾರ್ಟರಿನ ಲೆಕ್ಕದಲ್ಲಿ ಈ ಬೊಕ್ಕಸವನ್ನು ದಿನದಿನವೂ ತುಂಬುತ್ತಿದ್ದಾರೆ. ಶ್ರೀಮಂತನಿಗೆ ಕಾಯಿಲೆಯಾದರೆ ಖಾಸಗಿ ನರ್ಸಿಂಗ್ ಹೋಮು ಉಂಟು. ಇವನಿಗೆ ಕಾಯಿಲೆಯಾದರೆ ಸಿಗುವುದೇನು? “ಕುಡುಕ” ಎಂಬ ಬಿರುದು!

ಸರ್ಕಾರದ ವ್ಯಾಪಾರ ಎಷ್ಟು ಅಚ್ಚುಕಟ್ಟಾಗಿದೆ ನೋಡಿ. 2003ರಲ್ಲಿ ಪಾನೀಯ ನಿಗಮವನ್ನು ಸ್ಥಾಪಿಸಿ ಮದ್ಯದ ಸಗಟು ವ್ಯಾಪಾರವನ್ನು ತಾನೇ ಕೈಗೆತ್ತಿಕೊಂಡಿತು. 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿ ಪುಣ್ಯ ಕಟ್ಟಿಕೊಂಡಿತು. ಆಮೇಲೆ ಎಂ.ಎಸ್.ಐ.ಎಲ್. ಹೆಸರಿನಲ್ಲಿ ತಾನೇ ಮದ್ಯದಂಗಡಿ ತೆರೆದು ಕೂತಿತು. ಸಗಟು ಮಾರುವವರು ಅವರೇ, ಚಿಲ್ಲರೆ ಮಾರುವವರಲ್ಲಿಯೂ ಅವರೇ, ತೆರಿಗೆ ಎತ್ತುವವರೂ ಅವರೇ. ಕುಡಿದು ಬಿದ್ದವನನ್ನು ಎತ್ತಬೇಕಾದಾಗ ಮಾತ್ರ ಯಾರೂ ಇಲ್ಲ!

ಬಂಧುಗಳೆ, ಈ ಲೇಖನ ಪಾನನಿರೋಧದ ಉಪದೇಶವಲ್ಲ. ಉಪದೇಶ ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಮಿತಿಮೀರಿದ ಕುಡಿತ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯುಂಟು, ಆ ಚಿಕಿತ್ಸೆಯ ಬಹುಭಾಗ ನಿಂತಿರುವುದು ವಾರ್ಡಿನಲ್ಲಿ ಹಗಲೂ ರಾತ್ರಿ ಓಡಾಡುವ ದಾದಿಯ ಮೇಲೆ. ಅಬ್ಕಾರಿ ಹಣ ತಿನ್ನುವ ಸರ್ಕಾರ ಆ ದಾದಿಯನ್ನೂ ಆ ಚಿಕಿತ್ಸೆಯನ್ನೂ ನಮಗೆ ಕೊಡಲೇಬೇಕಾದ ಋಣದಲ್ಲಿದೆ. ಹೇಳಬೇಕಾದ ಮಾತು ಇಷ್ಟೆ.

ಕಾಯಿಲೆ ಎಂದು ಹೇಳುತ್ತಿರುವುದು ನಾವಷ್ಟೇ ಏನಲ್ಲ. ಸಂಸತ್ತು ಅಂಗೀಕರಿಸಿದ 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮನೋಸ್ಥಿತಿಯನ್ನು ಮನೋರೋಗದ ವ್ಯಾಖ್ಯೆಯೊಳಗೆ ಸೇರಿಸಿದೆ. ಸರ್ಕಾರ ನಡೆಸುವ ಅಥವಾ ಅದರ ಹಣದಿಂದ ನಡೆಯುವ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು ಎಂದೂ ಅದೇ ಕಾಯಿದೆ ಸಾರುತ್ತದೆ. ಕಾಯಿದೆ ಹೀಗೆ, ಆಚರಣೆ ಹೇಗೆ? ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯವರು ದೇಶವೆಲ್ಲ ಸಮೀಕ್ಷೆ ನಡೆಸಿ 2019ರಲ್ಲಿ ವರದಿ ಕೊಟ್ಟರು. ಕುಡಿತಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆಯಂತೆ! ಉಳಿದ 37 ಮಂದಿ ಎಲ್ಲಿ ಹೋದರು? ಅವರು ನಮ್ಮ ಬೀದಿಯಲ್ಲೇ ಇದ್ದಾರೆ. ಪಕ್ಕದ ಯಂತ್ರದ ಮುಂದೆ ನಿಂತಿದ್ದಾರೆ. ಕಿರಾಣಿ ಅಂಗಡಿಯ ಸಾಲದ ಪುಸ್ತಕದಲ್ಲಿದ್ದಾರೆ.

ಆಸ್ಪತ್ರೆಯ ಬಾಗಿಲಿಗೆ ಬಂದವನ ಗತಿಯನ್ನಾದರೂ ನೋಡೋಣ. ಒಬ್ಬ ಕಾರ್ಮಿಕ ಕಾಲು ಮುರಿದುಕೊಂಡು ಮೂಳೆ ವಾರ್ಡಿಗೆ ಸೇರುತ್ತಾನೆನ್ನಿ. ದಿನವೂ ಕುಡಿಯುವ ಮನುಷ್ಯ. ಅದನ್ನು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಕೊನೆಯ ಗುಟುಕು ಕುಡಿದು ಆರೆಂಟು ಗಂಟೆಯಾಗುವಷ್ಟರಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿಯಬಹುದು: ಗೋಡೆಯ ಮೇಲೆ ಹುಳು ಕಾಣುತ್ತದೆ, ಹೆಂಡತಿಯ ಗುರುತು ಹತ್ತುವುದಿಲ್ಲ, ಡ್ರಿಪ್ಪನ್ನು ಕಿತ್ತೆಸೆದು ಮುರಿದ ಕಾಲಿನಲ್ಲೇ ಎದ್ದು ಓಡಲು ನೋಡುತ್ತಾನೆ. ಆಗ ವಾರ್ಡಿನವರು “ಹುಚ್ಚು ಹಿಡಿದಿದೆ” ಎಂದು ಮಂಚಕ್ಕೆ ಕಟ್ಟುತ್ತಾರೆ. ಮನೆಯವರು ಗಾಳಿ ಸೋಕಿತೆಂದು ತಾಯಿತ ತರುತ್ತಾರೆ. ಚಿಕಿತ್ಸೆ ತಪ್ಪಿದರೆ ಈ ಸನ್ನಿ ಪ್ರಾಣವನ್ನೇ ತೆಗೆಯುತ್ತದೆ. ಸಾವಿನ ಕಾಗದದಲ್ಲಿ ಬರೆಯುವ ಕಾರಣ ಏನೇ ಇರಲಿ, ಅವನನ್ನು ಕೊಂದದ್ದು ಕೇಳದೆ ಹೋದ ಒಂದು ಪ್ರಶ್ನೆ.

ಇದನ್ನು ತಡೆಯಲು ಕೋಟಿ ಬೆಲೆಯ ಯಂತ್ರ ಬೇಕೆ? ಬೇಡ. ರೋಗಿ ಸೇರಿದ ದಿನವೇ ದಾದಿ ಪಕ್ಕಕ್ಕೆ ಕೂತು, ದನಿಯೇರಿಸದೆ, ನಾಲ್ಕು ಮಾತು ಕೇಳಬೇಕು. ಕುಡಿತ ಕಡಿಮೆ ಮಾಡಬೇಕೆಂದು ನಿನಗೇ ಅನ್ನಿಸಿದೆಯೆ? ಯಾರಾದರೂ ಆ ಮಾತೆತ್ತಿದರೆ ಸಿಟ್ಟು ಬರುತ್ತದೆಯೆ? ಕುಡಿದುದಕ್ಕೆ ಮನಸ್ಸು ಚುಚ್ಚಿದೆಯೆ? ಬೆಳಗ್ಗೆ ಎದ್ದ ಕೂಡಲೇ ಕೈ ನಿಲ್ಲಲು ಕುಡಿಯಬೇಕಾಗುತ್ತದೆಯೆ? ಎರಡಕ್ಕೆ ಹೌದೆಂದರೆ ಇನ್ನೂ ಆಳವಾಗಿ ವಿಚಾರಿಸಬೇಕು. ಇದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯವರು ಸಿದ್ಧಪಡಿಸಿದ ಹತ್ತು ಪ್ರಶ್ನೆಗಳ ಪಟ್ಟಿಯಿದೆ. ಕೊನೆಯದಾಗಿ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೆ ಎಂಬ ಎರಡು ಸಂಗತಿ ಕೇಸ್ ಷೀಟಿನಲ್ಲಿ ಬರೆದಿದ್ದರೆ ಮುಂದಿನ ಮೂರು ದಿನದ ಅಪಾಯ ಮೊದಲೇ ಗೊತ್ತಾಗುತ್ತದೆ.

ಆಮೇಲಿನ ಕೆಲಸವೂ ದಾದಿಯದೇ. ನಡುಕ, ಬೆವರು, ವಾಕರಿಕೆ, ಕಳವಳ, ಇಲ್ಲದ್ದು ಕಾಣುವುದು, ಕೇಳುವುದು, ಹೀಗೆ ಹತ್ತು ಲಕ್ಷಣಗಳಿಗೆ ಅಂಕ ಹಾಕುವ ಒಂದು ಹಾಳೆಯುಂಟು. ಒಟ್ಟು 67 ಅಂಕ. ಕೆಲವು ಗಂಟೆಗಳಿಗೊಮ್ಮೆ ಅದನ್ನು ತುಂಬಿ, ಅಂಕ ಏರಿದಾಗ ಡಾಕ್ಟರಿಗೆ ತಿಳಿಸಬೇಕು. ಡಾಕ್ಟರು ಡಯಜೆಪಾಮ್, ಲೊರಾಜೆಪಾಮ್‌ನಂಥ ಔಷಧಿ ಬರೆಯುತ್ತಾರೆ. ಅದರಿಂದ ರೋಗಿ ಮಿತಿಮೀರಿ ಮಂಪರಾಗದಂತೆ, ಉಸಿರು ಕುಗ್ಗದಂತೆ ಕಾಯುವವಳು ಮತ್ತೆ ದಾದಿಯೇ. ಬಿ-1 ಜೀವಸತ್ತ್ವದ ಇಂಜೆಕ್ಷನ್ನನ್ನು ಗ್ಲೂಕೋಸ್‌ಗಿಂತ ಮೊದಲು, ಇಲ್ಲವೆ ಅದರ ಜೊತೆಗೇ ಕೊಡಬೇಕು. ಅದನ್ನು ಮರೆತರೆ ಕುಡಿತದಿಂದ ಸೊರಗಿದವನ ಮಿದುಳಿಗೆ ಪೆಟ್ಟು ಬಿದ್ದು ಜ್ಞಾಪಕಶಕ್ತಿಯೇ ಅಳಿಸಿಹೋಗಬಹುದು. ಅಗ್ಗದ ಔಷಧಿ, ಒಂದು ಹಾಳೆ, ಕಣ್ಣಿಟ್ಟು ನೋಡಲು ಪುರಸತ್ತಿರುವ ಒಬ್ಬ ದಾದಿ: ಇಷ್ಟನ್ನು ಕೊಡಲಾರದ ಸರ್ಕಾರ 40,000 ಕೋಟಿಯ ಕನಸು ಕಾಣುತ್ತದೆ!

ಪುರಸತ್ತು ಎಂದೆವಲ್ಲ, ಅದೇ ಇಲ್ಲಿನ ಕೀಲಕ. ಬೋಧನಾಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಪ್ರಮಾಣ. ವಾಚಕರು ಯಾವ ಸರ್ಕಾರಿ ಆಸ್ಪತ್ರೆಗಾದರೂ ರಾತ್ರಿ ಪಾಳಿಯಲ್ಲಿ ಹೋಗಿ ಮಂಚಗಳನ್ನೂ ದಾದಿಯರನ್ನೂ ಎಣಿಸಿ ನೋಡಲಿ. ಅವಳೂ ನಮ್ಮ ಹಾಗೆ ದುಡಿಯುವವಳೇ. ಎಷ್ಟೋ ಕಡೆ ಗುತ್ತಿಗೆಯ ಮೇಲೆ ದುಡಿಯುವವಳು. ಅವಳು ರೇಗಿದಳೆಂದು ನಾವು ಅವಳ ಮೇಲೆ ಕೂಗಾಡುವುದು, ಇವನು ಕುಡುಕನೆಂದು ಅವಳು ಮುಖ ತಿರುಗಿಸುವುದು, ಎರಡೂ ಆಳುವವರಿಗೆ ಅನುಕೂಲವೇ. ಜಗಳ ಬಡವರಿಬ್ಬರ ನಡುವೆ ನಡೆಯುತ್ತಿದ್ದರೆ ಬೊಕ್ಕಸದ ಕಡೆ ಯಾರೂ ನೋಡುವುದಿಲ್ಲವಲ್ಲ!

“ಕುಡಿಯುವುದು ಅವನ ಕೊಬ್ಬು, ನಾವೇಕೆ ದುಡ್ಡು ಸುರಿಯಬೇಕು?” ಎನ್ನುವ ಸಜ್ಜನರಿದ್ದಾರೆ. ಸಕ್ಕರೆ ಕಾಯಿಲೆಯವನು ಸಿಹಿ ತಿಂದು ಬಂದರೆ ಇವರು ಇನ್ಸುಲಿನ್ ಬೇಡವೆನ್ನುತ್ತಾರೆಯೆ? ದುಡ್ಡಿನ ಮಾತಾದರೆ, ಅವನು ಆಗಲೇ ಕೊಟ್ಟಿದ್ದಾನೆ. ಪ್ರತಿ ಬಾಟಲಿಗೂ ತೆರಿಗೆ ತೆತ್ತಿದ್ದಾನೆ.

“ಎಲ್ಲ ಅಂಗಡಿ ಮುಚ್ಚಿಸಿಬಿಡಿ” ಎನ್ನುವವರೂ ಇದ್ದಾರೆ. 2019ರ ಜನವರಿಯಲ್ಲಿ ಸಾವಿರಾರು ಮಂದಿ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಬಂದು ಮದ್ಯನಿಷೇಧ ಕೇಳಿದರು. ಅವರ ಕಾಲಿನ ಬೊಬ್ಬೆಗೆ ನಾವು ತಲೆಬಾಗುತ್ತೇವೆ. ಬೀದಿಬೀದಿಗೆ ಪರವಾನಗಿ ಕೊಡುವುದನ್ನು ನಿಲ್ಲಿಸಲೇಬೇಕು. ಆದರೆ ಚಿಕಿತ್ಸೆಯಿಲ್ಲದೆ ಬರಿಯ ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದನ್ನು ಎರಡು ಬಾರಿ ಕಂಡಿದ್ದೇವೆ. ಸಾರಾಯಿ ನಿಂತ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರದ ಕಡೆಯೂ ಗಡಿಯಾಚೆಯ ಕೃಷ್ಣಗಿರಿಯಲ್ಲಿಯೂ ವಿಷಮದ್ಯ ಕುಡಿದು ನೂರೈವತ್ತಕ್ಕೂ ಹೆಚ್ಚು ಬಡವರು ಸತ್ತರು. 2020ರ ಮಾರ್ಚಿನಲ್ಲಿ ಕೊರೋನಾ ಕಾಲದ ದಿಗ್ಬಂಧನದಲ್ಲಿ ಅಂಗಡಿಗಳು ಒಂದೇ ಏಟಿಗೆ ಮುಚ್ಚಿದಾಗ, ಕುಡಿತ ಥಟ್ಟನೆ ನಿಂತು ಫಿಟ್ಸ್, ಸನ್ನಿ ಹತ್ತಿದವರು ಬೆಂಗಳೂರಿನ ಆಸ್ಪತ್ರೆಗಳಿಗೆ ಹಿಂದಿಗಿಂತ ಹೆಚ್ಚಾಗಿ ಬಂದರೆಂದು ವೈದ್ಯರೇ ಬರೆದಿದ್ದಾರೆ. ಆಗ ಸರ್ಕಾರ ಏನು ಮಾಡಿತು? ಮೇ 4ರಂದು ಅಂಗಡಿ ತೆರೆಯಿತು! ಮೊದಲ ದಿನ 45 ಕೋಟಿ, ಎರಡನೆಯ ದಿನ 197 ಕೋಟಿ ರೂಪಾಯಿಯ ಮಾರಾಟವೆಂದು ಲೆಕ್ಕ ಹೊರಬಿತ್ತು. ಜನರನ್ನು ಅಂಗಡಿಯ ಮುಂದೆ ಸಾಲು ನಿಲ್ಲಿಸಲು ಬಂದ ಆಡಳಿತಕ್ಕೆ ಅವರನ್ನು ಆಸ್ಪತ್ರೆಯ ಬಾಗಿಲಿಗೆ ಕರೆತರಲು ಬಾರದೆ ಹೋಯಿತೆ?

ವಿದ್ಯೆಯಿಲ್ಲವೆಂದು ಹೇಳುವಂತಿಲ್ಲ. 1954ರಲ್ಲಿಯೇ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, ಆ ದಶಕದಲ್ಲೇ ದಾದಿಯರಿಗೆ ಮನೋರೋಗ ಶುಶ್ರೂಷೆಯ ಶಿಕ್ಷಣ ಮೊದಲಾಯಿತು. 1974ರಿಂದ ಅದೇ ನಿಮ್ಹಾನ್ಸ್. ವ್ಯಸನ ಚಿಕಿತ್ಸೆಗೆಂದೇ ಅಲ್ಲಿ ಪ್ರತ್ಯೇಕ ಕೇಂದ್ರವಿದೆ. ನಮ್ಮ ಮೈಸೂರಿನ ವೈದ್ಯಕೀಯ ಕಾಲೇಜು 1924ರದು. ಅದರ ದೊಡ್ಡಾಸ್ಪತ್ರೆ ಊರಿನ ನಡುವೆಯೇ ಇದೆ. ಕಾರ್ಮಿಕರ ಇ.ಎಸ್.ಐ. ಆಸ್ಪತ್ರೆಯೂ ಇದೆ, ಅದಕ್ಕಾಗಿ 2019ರ ಜುಲೈಯಿಂದ ಸಂಬಳದ ನೂರಕ್ಕೆ ಮುಕ್ಕಾಲು ರೂಪಾಯಿ ನಮ್ಮ ಪಾಲಿನದು, ಮೂರೂಕಾಲು ರೂಪಾಯಿ ಮಾಲೀಕನದು ಎಂದು ಗೊತ್ತಾಗಿದೆ. ನೂರನಲವತ್ತು ಕಿಲೋಮೀಟರಿನಾಚೆ ಇರುವ ವಿದ್ಯೆ ಇಲ್ಲಿನ ಪ್ರತಿ ವಾರ್ಡಿಗೂ ಬರಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಅಬ್ಕಾರಿ ವರಮಾನದಲ್ಲಿ ರೂಪಾಯಿಗೆ ಒಂದು ಪೈಸೆಯನ್ನು ವ್ಯಸನ ಚಿಕಿತ್ಸೆಗೆಂದೇ ತೆಗೆದಿಡಬೇಕು. 40,000 ಕೋಟಿಗೆ ಅದು 400 ಕೋಟಿಯಾಗುತ್ತದೆ.

2. ಯಾವ ಕಾಯಿಲೆಗೇ ಸೇರಲಿ, ಸರ್ಕಾರಿ ಮತ್ತು ಇ.ಎಸ್.ಐ. ಆಸ್ಪತ್ರೆಗಳ ಪ್ರತಿ ರೋಗಿಯನ್ನೂ ಸೇರಿದ ದಿನವೇ ಕುಡಿತದ ಬಗ್ಗೆ ಕೇಳಿ ಬರೆಯಬೇಕು. ಆ ಬರಹ ಗುಟ್ಟಾಗಿರಬೇಕು, ಮಾಲೀಕನ ಕೈಗೆ ಹೋಗಕೂಡದು.

3. ದಾದಿಯರ ಖಾಲಿ ಹುದ್ದೆಗಳನ್ನು ಖಾಯಂ ಆಗಿ ತುಂಬಿ, ಈ ಶುಶ್ರೂಷೆಯಲ್ಲಿ ಸಂಬಳಸಹಿತ ತರಬೇತಿ ಕೊಡಬೇಕು.

4. ಬಿಡುಗಡೆಯಾದ ಮೇಲೂ ತಿಂಗಳುಗಟ್ಟಲೆ ವಿಚಾರಿಸುವ ವ್ಯವಸ್ಥೆಯಿರಬೇಕು. ಮತ್ತೆ ಕುಡಿದವನನ್ನು ಸೋತವನೆಂದು ಅಟ್ಟದೆ ಮತ್ತೆ ಚಿಕಿತ್ಸೆ ಕೊಡಬೇಕು.

5. ಚಿಕಿತ್ಸೆಗೆ ಹೋದ ಕಾರ್ಮಿಕನನ್ನು ಕೆಲಸದಿಂದ ತೆಗೆಯಕೂಡದು. ಕುಡಿತವನ್ನು ದುರ್ನಡತೆಯೆಂದು ಬರೆಯುವ ಸ್ಥಾಯಿ ಆದೇಶಗಳು ಅದನ್ನು ಕಾಯಿಲೆಯೆಂದೂ ಗುರುತಿಸಬೇಕು.

ಮನೆಯವರಿಗೂ ಎರಡು ಮಾತು. ದಿನವೂ ವಿಪರೀತ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಂದೇ ದಿನದಲ್ಲಿ ಬಿಡಿಸಹೋಗಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. “ಗೊತ್ತಾಗದ ಹಾಗೆ ಸಾರಿಗೆ ಹಾಕಿ, ಕುಡಿತ ಬಿಡುತ್ತಾರೆ” ಎಂದು ಮಾರುವ ಪುಡಿ, ಮಾತ್ರೆಗಳನ್ನು ನಂಬಬೇಡಿ. ಡೈಸಲ್ಫಿರಾಮ್ ಮಾತ್ರೆ ಹೊಟ್ಟೆಯಲ್ಲಿದ್ದಾಗ ಅರಿಯದೆ ಕುಡಿದರೆ ಪ್ರಾಣಕ್ಕೇ ಅಪಾಯ. ದಾರಿ ತೋಚದಿದ್ದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ.

ಬೋನಸ್ಸು, ತುಟ್ಟಿಭತ್ಯೆಗಳ ಬೇಡಿಕೆಪಟ್ಟಿಯ ಕೆಳಗೆ ಕಾರ್ಮಿಕ ಸಂಘಗಳು ಈ ಐದನ್ನೂ ಸೇರಿಸಲಿ. ವರ್ತಕರ ಸಂಘಗಳು ಸಹಿ ಹಾಕಲಿ. ನಮ್ಮವನ ಲೋಟದಿಂದ ಎತ್ತಿದ ಹಣ ಇದು. ಅದರಲ್ಲಿ ಒಂದು ಪಾಲು ಅವನ ಮಂಚದ ಪಕ್ಕಕ್ಕೆ ಒಬ್ಬ ದಾದಿಯಾಗಿ ಬಂದು ನಿಲ್ಲುವವರೆಗೂ ಕೇಳುತ್ತಲೇ ಇರೋಣ.