ಕೊಳಗ ಯಾರದು?

ಕಳೆದ ತಿಂಗಳು ಪಕ್ಷದ ಸದಸ್ಯತ್ವದ ಕೆಲಸದ ಮೇಲೆ ಸಾಗರ ತಾಲೂಕಿನ ಹಳ್ಳಿಯೊಂದಕ್ಕೆ ಹೋಗಿದ್ದೆ. ರಾತ್ರಿ ಉಳಿದುಕೊಂಡ ಮನೆಯ ಜಗಲಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಫೋನನ್ನು ನೋಡಿ ನೋಡಿ ಬಿಳಿ ಹಾಳೆಗೆ ಏನನ್ನೋ ಇಳಿಸುತ್ತಿದ್ದಳು. ಶಾಲೆಯಲ್ಲಿ ಕೊಟ್ಟ ಪ್ರಾಜೆಕ್ಟು. ವಿಷಯ, ಕಾಗೋಡು ಸತ್ಯಾಗ್ರಹ. ಸಂತೋಷವಾಯಿತು. ಹಾಳೆಗಳನ್ನು ಕೇಳಿ ಓದಿದೆ. ಸತ್ಯಾಗ್ರಹ ನಡೆದ ವರ್ಷ ಮೊದಲ ಪುಟದಲ್ಲಿ 1947 ಎಂದಿತ್ತು. ಮೂರನೆಯ ಪುಟದಲ್ಲಿ 1951. ಕೊನೆಯಲ್ಲಿ ‘ಆಧಾರ ಗ್ರಂಥ’ ಎಂದು ಒಂದು ಪುಸ್ತಕದ ಹೆಸರನ್ನೂ ಬರೆದಿದ್ದಳು.

“ಪುಟ್ಟಿ, ಈ ಎರಡರಲ್ಲಿ ಯಾವ ವರ್ಷ ಸರಿ?” ಎಂದು ಕೇಳಿದೆ.

“ಎರಡೂ ಫೋನಲ್ಲೇ ಇತ್ತು ಸಾರ್” ಎಂದಳು.

ಆಧಾರ ಗ್ರಂಥವನ್ನು ನೋಡಿದ್ದೀಯಾ ಎಂದೆ. ಇಲ್ಲ, ಫೋನಿನಲ್ಲಿ ಪ್ರಶ್ನೆ ಕೇಳಿದಾಗ ಯಂತ್ರವೇ ಉತ್ತರವನ್ನೂ ಕೊಟ್ಟು, ಪುಸ್ತಕದ ಹೆಸರನ್ನೂ ಕೊಟ್ಟಿತಂತೆ. ಮರುವಾರ ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿ ಆ ಪುಸ್ತಕವನ್ನು ಹುಡುಕಿಸಿದೆ. ಈ ವಿಷಯ ಬಲ್ಲ ಇಬ್ಬರು ಹಿರಿಯರನ್ನೂ ಕೇಳಿದೆ. ಹಾಗೊಂದು ಪುಸ್ತಕವನ್ನು ಕಂಡವರೇ ಇಲ್ಲ.

ಅದೇ ಜಗಲಿಯ ಮೂಲೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ಮಾತಿನ ನಡುವೆ ಅವರೆಂದರು: “ನಮ್ಮಪ್ಪ ಆ ಗಲಾಟೇಲಿ ಜೈಲಿಗೆ ಹೋದೋರು ಮಾಷ್ಟ್ರೇ. ನನ್ನನ್ನ ಯಾರೂ ಒಂದು ಮಾತು ಕೇಳ್ಲೇ ಇಲ್ಲ.”

ಈ ಮೂರು ಸಂಗತಿಗಳನ್ನು ವಾಚಕರು ಒಟ್ಟಿಗೆ ಇಟ್ಟು ನೋಡಬೇಕು. ವರ್ಷ ಎರಡು ಬಗೆ. ಇಲ್ಲದ ಪುಸ್ತಕ ಆಧಾರ. ಇರುವ ಸಾಕ್ಷಿಯನ್ನು ಕೇಳುವವರಿಲ್ಲ. ತಪ್ಪು ಹುಡುಗಿಯದೆಂದು ನಾನು ಹೇಳಲಾರೆ. ವಿಷಯವನ್ನು ಎಲ್ಲಿಂದ ತರಬೇಕು, ತಂದುದನ್ನು ಹೇಗೆ ಪರೀಕ್ಷಿಸಬೇಕು ಎಂದು ಅವಳಿಗೆ ಯಾರೂ ಕಲಿಸಿಲ್ಲ. ನಾನೂ ಏಳು ವರ್ಷ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳಿದವನು. ಹತ್ತನೆಯ ತರಗತಿಯೇ ನನ್ನ ಓದಿನ ಕೊನೆ. ಗೈಡು ನೋಡಿ ನೋಟ್ಸ್ ಬರೆಸಿದೆನೇ ಹೊರತು, ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು ಎಂದು ಒಂದು ದಿನವಾದರೂ ಮಕ್ಕಳಿಂದ ಕೇಳಿಸಲಿಲ್ಲ. ಆ ಪಾಪದಲ್ಲಿ ನನ್ನ ಪಾಲೂ ಇದೆ.

ಕಾಗೋಡಿನ ಒಕ್ಕಲುಗಳು ಕೇಳಿದ್ದಾದರೂ ಏನು? ಗೇಣಿಯ ಭತ್ತವನ್ನು ಅಳೆಯುವ ಕೊಳಗ ಸರಿಯಾದ ಅಳತೆಗಿಂತ ದೊಡ್ಡದಾಗಿದೆ ಎಂಬುದು ಅವರ ಮುಖ್ಯ ದೂರುಗಳಲ್ಲೊಂದು. ಭತ್ತ ಬೆಳೆದವನು ಒಕ್ಕಲು. ಅಳೆಯುವ ಕೊಳಗ ಒಡೆಯನದು. ಒಡೆಯ ಅಳೆದದ್ದೇ ಲೆಕ್ಕ ಎಂದು ತಲೆಮಾರುಗಳಿಂದ ತಲೆಬಾಗಿದ್ದ ಜನ, ಎಚ್. ಗಣಪತಿಯಪ್ಪನವರ ರೈತ ಸಂಘದ ಬಲದಿಂದ, ಕೊಳಗವನ್ನೇ ಅಳೆದು ನೋಡೋಣ ಎಂದರು. 1951ರಲ್ಲಿ ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು, ಡಾ. ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಆ ಇತಿಹಾಸವನ್ನು ಬರೆಯಲು ಕುಳಿತ ಮಗು, ತನ್ನ ಮುಂದಿರುವ ಫೋನು ಯಾರ ಕೊಳಗ ಎಂದು ಕೇಳದೆ ಅಳೆದುಕೊಂಡದ್ದನ್ನು ಏನೆನ್ನೋಣ!

ಫೋನಿನಲ್ಲಿ ಒಂದು ಪದ ಬರೆದು ಹುಡುಕಿದರೆ ಒಂದು ಪಟ್ಟಿ ಬರುತ್ತದೆ. ಮೇಲೆ ಬಂದದ್ದೇ ಹೆಚ್ಚು ಸತ್ಯ ಎಂದು ಮಕ್ಕಳು ನಂಬುತ್ತಾರೆ, ದೊಡ್ಡವರೂ ನಂಬುತ್ತಾರೆ. ಆ ಪಟ್ಟಿಯನ್ನು ಕಟ್ಟುವುದು ಒಂದು ಕಂಪೆನಿ. ಆ ಕಂಪೆನಿಯ ವರಮಾನದ ಬಹುಪಾಲು ಬರುವುದು ಜಾಹೀರಾತಿನಿಂದ. ಪಟ್ಟಿಯ ತಲೆಯಲ್ಲಿ ‘ಪ್ರಾಯೋಜಿತ’ ಎಂದು ಸಣ್ಣಕ್ಷರದಲ್ಲಿ ಬರೆದಿದ್ದರೆ, ಆ ಜಾಗಕ್ಕೆ ಯಾರೋ ಹಣ ಕೊಟ್ಟಿದ್ದಾರೆಂದೇ ಅರ್ಥ. ಇನ್ನು 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮನೆಮಾತಾದ ಉತ್ತರ ಕೊಡುವ ಯಂತ್ರಗಳ ವಿಷಯ. ಅವು ರಾಶಿ ರಾಶಿ ಬರಹವನ್ನು ಅರೆದು, ಯಾವ ಮಾತಿನ ಹಿಂದೆ ಯಾವ ಮಾತು ಬಂದರೆ ಹೊಂದುತ್ತದೆಂದು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತವೆ. ಹೊಂದುವ ಮಾತೆಲ್ಲ ನಿಜವಾಗಬೇಕೆಂದಿಲ್ಲ. ಇಲ್ಲದ ಪುಸ್ತಕ ಹುಟ್ಟಿದ್ದು ಹೀಗೆ.

ಇದು ನಮ್ಮ ಹಳ್ಳಿಯ ಮಕ್ಕಳ ದಡ್ಡತನವೆಂದು ಯಾರೂ ತಿಳಿಯಬಾರದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಜಾಹೀರಾತಿಗೂ ಸುದ್ದಿಗೂ ಇರುವ ವ್ಯತ್ಯಾಸವನ್ನು ಅಲ್ಲಿಯ ಮಾಧ್ಯಮಿಕ ಶಾಲೆಯ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಕ್ಕಳು ಗುರುತಿಸಲಾರದೆ ಹೋದರು. ಮರುವರ್ಷ ಅವರೇ 10 ಮಂದಿ ಇತಿಹಾಸಕಾರರು, 10 ಮಂದಿ ಸುದ್ದಿ ಪರಿಶೀಲಕರು, 25 ಮಂದಿ ವಿದ್ಯಾರ್ಥಿಗಳನ್ನು ಕೂಡಿಸಿ ಜಾಲತಾಣಗಳನ್ನು ಪರೀಕ್ಷಿಸಲು ಕೊಟ್ಟರು. ಇತಿಹಾಸಕಾರರಲ್ಲಿಯೂ ಅನೇಕರು ಅಂದವಾದ ಪುಟ, ಗಂಭೀರವಾದ ಹೆಸರು ಕಂಡು ಮೋಸಹೋದರು. ಸುದ್ದಿ ಪರಿಶೀಲಕರು ಬೇರೆ ದಾರಿ ಹಿಡಿದರು. ಪುಟ ತೆರೆದ ಕೂಡಲೇ ಅದನ್ನು ಬಿಟ್ಟು ಹೊರಗೆ ಹೋಗಿ, ಈ ಪುಟದವರು ಯಾರು, ಇವರ ಬಗ್ಗೆ ಮಿಕ್ಕವರು ಏನೆನ್ನುತ್ತಾರೆ ಎಂದು ವಿಚಾರಿಸಿದರು. ಹೆಣ್ಣು ನೋಡಲು ಹೋದ ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ. ಆ ಮನೆಯಲ್ಲಿ ಉಪ್ಪಿಟ್ಟು ತಿಂದು ನಂಬುತ್ತಿರಲಿಲ್ಲ. ಊರ ಬಾವಿಕಟ್ಟೆಯಲ್ಲಿ ನಾಲ್ಕು ಜನರನ್ನು ಕೇಳಿ ಬರುತ್ತಿದ್ದರು.

ಆದುದರಿಂದ ಮಕ್ಕಳಿಗೆ ಕಲಿಸಬೇಕಾದದ್ದು ನಾಲ್ಕೇ ಪ್ರಶ್ನೆ.

ಹೇಳುವವರು ಯಾರು? ಪುಟಕ್ಕೆ ಬರೆದವರ ಹೆಸರುಂಟೆ, ಸಂಸ್ಥೆಯ ವಿಳಾಸವುಂಟೆ, ಬರೆದ ದಿನಾಂಕವುಂಟೆ? ಹೆಸರಿಲ್ಲದ ಪುಟ ಸಹಿಯಿಲ್ಲದ ಅರ್ಜಿಯ ಹಾಗೆ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಎಂದಿದ್ದರೆ ಅದು ಭಾರತದ ಸರಕಾರಿ ತಾಣ. ಕಾಯಿದೆಯ ಪಾಠ, ಜನಗಣತಿಯ ಅಂಕಿ ಬೇಕಾದರೆ ಅಲ್ಲಿಗೆ ಹೋಗಬೇಕು. ಆದರೆ ಸರಕಾರ ತನ್ನನ್ನು ತಾನೇ ಹೊಗಳಿಕೊಂಡ ಮಾತನ್ನು ಬೇರೆ ಕಡೆ ಒರೆಗೆ ಹಚ್ಚಲೇಬೇಕು.

ಅವರಿಗೆ ಹೇಗೆ ಗೊತ್ತು? ವಿಕಿಪೀಡಿಯ ಎಂಬ ವಿಶ್ವಕೋಶವನ್ನು ಯಾರು ಬೇಕಾದರೂ ತಿದ್ದಬಹುದು. ಆದ್ದರಿಂದ ಅದನ್ನು ಮುಟ್ಟಲೇಬಾರದು ಎನ್ನುವ ಉಪಾಧ್ಯಾಯರಿದ್ದಾರೆ. ನಾನು ಒಪ್ಪುವುದಿಲ್ಲ. ಅದರ ಪುಟದ ಅಡಿಯಲ್ಲಿ ಉಲ್ಲೇಖಗಳಿರುತ್ತವೆ. ಯಾರು ಯಾವಾಗ ಏನು ತಿದ್ದಿದರೆಂಬ ಚರಿತ್ರೆಯೂ ತೆರೆದಿರುತ್ತದೆ. ಆ ಉಲ್ಲೇಖದ ಬಾಲ ಹಿಡಿದು ಮೂಲಕ್ಕೆ ಹೋದರೆ ವಿಕಿಪೀಡಿಯ ಒಳ್ಳೆಯ ದಾರಿಗಂಬ. ಅದನ್ನೇ ಊರೆಂದುಕೊಂಡು ಅಲ್ಲೇ ಬಿಡಾರ ಹೂಡಬಾರದು, ಅಷ್ಟೆ.

ಬೇರೆಯವರು ಏನೆನ್ನುತ್ತಾರೆ? ಇಲ್ಲಿ ಒಂದು ಎಚ್ಚರಿಕೆ ಬೇಕು. ಹತ್ತು ಪುಟಗಳಲ್ಲಿ ಒಂದೇ ವಾಕ್ಯ ಅಕ್ಷರಶಃ ಇದ್ದರೆ ಹತ್ತು ಸಾಕ್ಷಿ ಸಿಕ್ಕಿತೆಂದು ತಿಳಿಯಬೇಡಿ; ಒಬ್ಬನ ಮಾತನ್ನು ಒಂಬತ್ತು ಮಂದಿ ನಕಲು ಮಾಡಿದ್ದಾರೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠವೆಂದು ಸಾರಿದೆ ಎಂಬ ಸುದ್ದಿ ವರ್ಷಗಟ್ಟಲೆ ಮನೆಮನೆಗೂ ಬಂತು. ಯುನೆಸ್ಕೊ ಅಂಥದೇನನ್ನೂ ಸಾರಿರಲಿಲ್ಲ. 2016ರಲ್ಲಿ ಬಂದ ಎರಡು ಸಾವಿರದ ನೋಟಿನಲ್ಲಿ ಚಿಪ್ಪಿದೆ, ನೆಲದಡಿ ಹೂತರೂ ಸಿಕ್ಕಿಬೀಳುತ್ತದೆ ಎಂದು ಟೆಲಿವಿಷನ್ನಿನವರೂ ಬಣ್ಣಿಸಿದರು. ಚಿಪ್ಪೂ ಇರಲಿಲ್ಲ, 2023ರಲ್ಲಿ ಆ ನೋಟನ್ನೇ ಚಲಾವಣೆಯಿಂದ ಹಿಂದಕ್ಕೆ ಪಡೆಯುವುದಾಗಿ ರಿಸರ್ವ್ ಬ್ಯಾಂಕು ಸಾರಿತು.

ಲಾಭ ಯಾರಿಗೆ? ಮಾರುವವನು ತನ್ನ ಸರಕಿನ ಬಗ್ಗೆ, ಪಕ್ಷದವನು ತನ್ನ ಪಕ್ಷದ ಬಗ್ಗೆ ಹೇಳಿದ್ದನ್ನು ತೂಗಿ ನೋಡಬೇಕು. ನಮ್ಮ ಪಕ್ಷವೂ ಇದಕ್ಕೆ ಹೊರತಲ್ಲ.

ಒಂದು ಪ್ರಾಜೆಕ್ಟಿನ ಐದು ಅಂಕಗಳಿಗಾಗಿ ಇಷ್ಟು ಮಾತೇ ಎಂದು ಕೆಲವರು ನಗಬಹುದು. 2018ನ್ನು ಅವರು ಮರೆತಿದ್ದಾರೆ. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಹೊಟ್ಟೆಪಾಡಿಗಾಗಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ತಪ್ಪಿಗೆ ಹೈದರಾಬಾದಿನ ಎಂಜಿನಿಯರೊಬ್ಬ ಗುಂಪಿನ ಕೈಯಲ್ಲಿ ಸತ್ತ. ಆಗ ದೇಶದಲ್ಲೆಲ್ಲ ಫೋನಿನಿಂದ ಫೋನಿಗೆ ಹರಿದ ಒಂದು ದೃಶ್ಯದಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಬಗ್ಗೆ ಎಚ್ಚರವಿರಲಿ ಎಂದು ಜನರಿಗೆ ತಿಳಿಸಲು ತೆಗೆದ ಕಿರುಚಿತ್ರ. ಮಗುವನ್ನು ಹಿಂದಕ್ಕೆ ತಂದು ಬಿಟ್ಟು ಸಂದೇಶ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಇದು ಎಲ್ಲಿಯದು, ಪೂರ್ತಿ ಇದೆಯೇ ಎಂಬ ಎರಡೇ ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಆ ಗುಂಪುಗಳಲ್ಲಿ ಹತ್ತು ಜನರಿಗಿದ್ದರೂ ಪ್ರಾಣಗಳು ಉಳಿಯುತ್ತಿದ್ದವೇನೋ. ಆ ಅಭ್ಯಾಸ ಬೆಳೆಯಬೇಕಾದ ಜಾಗ ಶಾಲೆ.

ಹಾಗಾದರೆ ಮಕ್ಕಳ ಕೈಯಿಂದ ಫೋನು ಕಿತ್ತುಕೊಳ್ಳಿ ಎನ್ನುವ ಗೆಳೆಯರೂ ನಮ್ಮಲ್ಲಿದ್ದಾರೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ, ಪಾಠಕ್ಕೆ ಫೋನು ಬೇಕೆಂದು ಕೂಲಿಯವರು ಸಾಲ ಮಾಡಿ ತಂದುಕೊಟ್ಟರು. ಈಗ ಕಿತ್ತುಕೊಂಡರೆ ಬಡವರ ಮಕ್ಕಳ ಕೈ ಮಾತ್ರ ಬರಿದಾಗುತ್ತದೆ. ನಗರದ ದೊಡ್ಡ ಶಾಲೆಯ ಮಗುವಿಗೆ ಗ್ರಂಥಪಾಲಕರಿದ್ದಾರೆ, ಇಂಗ್ಲಿಷಿದೆ, ಓದಿದ ತಾಯಿತಂದೆಯರಿದ್ದಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನಗಳು 60 ಲಕ್ಷ ದಾಟಿ ವರ್ಷಗಳಾದವು. 2003ರಲ್ಲಿ ಹುಟ್ಟಿದ ಕನ್ನಡದ್ದರಲ್ಲಿ ಅವು ಇನ್ನೂ ಸಾವಿರಗಳ ಲೆಕ್ಕದಲ್ಲೇ ಇವೆ. ಕನ್ನಡದ ಮಗುವಿಗೆ ಪರೀಕ್ಷಿಸಲು ಎರಡನೆಯ ಪುಟವೇ ಸಿಗದಿರುವಾಗ, ಪರೀಕ್ಷಿಸು ಎಂದು ಬರಿಬಾಯಲ್ಲಿ ಉಪದೇಶ ಮಾಡುವುದು ಅನ್ಯಾಯ. ಇಲ್ಲಿ ಪ್ರಶ್ನೆ ಸಮಾನತೆಯದು.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಪ್ರತಿ ಪ್ರೌಢಶಾಲೆಯಲ್ಲೂ ವಾರಕ್ಕೊಂದು ಪೀರಿಯಡ್ಡು ಗ್ರಂಥಾಲಯಕ್ಕೆ ಮೀಸಲಾಗಲಿ. ಪ್ರಾಜೆಕ್ಟಿನ ಅಂಕ ಬಣ್ಣದ ಪ್ರಿಂಟಿಗೆ ಹೋಗದೆ, ವಿಷಯ ಎಲ್ಲಿ ಸಿಕ್ಕಿತು, ಹೇಗೆ ತಾಳೆ ನೋಡಿದೆ ಎಂದು ಮಗು ಸ್ವಂತ ಮಾತಿನಲ್ಲಿ ಬರೆದುದಕ್ಕೆ ಸಲ್ಲಲಿ. ಗ್ರಂಥಾಲಯದ ಹೆಸರಿನಲ್ಲಿ ನಾವೆಲ್ಲ ಆಸ್ತಿ ತೆರಿಗೆಯ ಮೇಲೆ ಕರ ಕಟ್ಟುತ್ತಿದ್ದೇವೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಇರುವುದೇ ಇದಕ್ಕಾಗಿ. ಆ ಹಣದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ ತೆರೆದಿರಲಿ. ಅಲ್ಲೊಂದು ಕಂಪ್ಯೂಟರೂ, ದಾರಿ ತೋರುವ ಮನುಷ್ಯರೂ ಇರಲಿ. ಹಳೆಯ ಕನ್ನಡ ಪತ್ರಿಕೆಗಳೂ ವಿಧಾನಸಭೆಯ ನಡವಳಿಗಳೂ ಹಳ್ಳಿಯ ಫೋನಿನಲ್ಲೂ ಪುಕ್ಕಟೆಯಾಗಿ, ಹುಡುಕಿದರೆ ಸಿಗುವಂತೆ ಆಗಲಿ.

ಈಗ ಆ ಜಗಲಿಗೆ ಮರಳುತ್ತೇನೆ. ಅಂದು ರಾತ್ರಿ ಹುಡುಗಿ ಅಜ್ಜಿಯ ಎದುರು ಕುಳಿತು ಪ್ರಶ್ನೆ ಕೇಳಿದಳು. ಅಜ್ಜಿ ಬಹಳ ಹೇಳಿದರು. ಯಾವ ಪುಟದಲ್ಲೂ ಸಿಗದ ಸಂಗತಿಗಳನ್ನು ಹೇಳಿದರು. ನಡುವೆ ಶಾಂತವೇರಿ ಗೋಪಾಲಗೌಡರು ಮಂತ್ರಿಯಾಗಿದ್ದಾಗ ತಮ್ಮ ಮನೆಗೆ ಬಂದಿದ್ದರೆಂದೂ ಹೇಳಿದರು. ಗೌಡರು 1952, 1962, 1967ರಲ್ಲಿ ಶಾಸಕರಾಗಿ ಆರಿಸಿ ಬಂದರು; ಮಂತ್ರಿಯಾಗಲೇ ಇಲ್ಲ. ಪ್ರೀತಿಯ ನೆನಪು ಅವರಿಗೆ ಪದವಿ ಕೊಟ್ಟಿತ್ತು. ಅಜ್ಜಿಯ ಮಾತನ್ನೂ ತಾಳೆ ನೋಡಬೇಕಾಯಿತು. “ಹಂಗಾದ್ರೆ ಅಜ್ಜಿ ಸುಳ್ಳು ಹೇಳಿದ್ರಾ ಸಾರ್?” ಎಂದು ಹುಡುಗಿ ಕೇಳಿದಳು. ಇಲ್ಲ ಮಗಾ, ಅವರು ಮನೆಗೆ ಬಂದದ್ದನ್ನು ನೋಡಿದವರು ಅಜ್ಜಿ; ಪದವಿಯ ವಿಷಯಕ್ಕೆ ಶಾಸನಸಭೆಯ ದಾಖಲೆ ನೋಡಬೇಕು; ಒಬ್ಬೊಬ್ಬ ಸಾಕ್ಷಿ ಒಂದೊಂದು ವಿಷಯಕ್ಕೆ ಎಂದೆ.

ಮೊನ್ನೆ ಅವಳ ತಂದೆ ಸಂತೆಯಲ್ಲಿ ಸಿಕ್ಕಿದ್ದರು. ಅವಳು ಪ್ರಾಜೆಕ್ಟನ್ನು ಹೊಸದಾಗಿ ಬರೆದಳಂತೆ. ಇಲ್ಲದ ಪುಸ್ತಕವನ್ನು ತೆಗೆದು, ‘ನಮ್ಮ ಅಜ್ಜಿ ಹೇಳಿದ್ದು’ ಎಂದು ಆ ಜಾಗದಲ್ಲಿ ಬರೆದಳಂತೆ. ಅಂಕ ಎಷ್ಟು ಬಂತೋ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಲೇಖನವನ್ನು ಓದುವ ಉಪಾಧ್ಯಾಯ ಮಿತ್ರರಲ್ಲಿ ಒಂದು ವಿನಂತಿ. ಮುಂದಿನ ವಾರ ಈ ಪತ್ರಿಕೆಯನ್ನೇ ತರಗತಿಗೆ ಒಯ್ಯಿರಿ. ನಾನು ಮೇಲೆ ಕೊಟ್ಟ ವರ್ಷಗಳನ್ನೂ ಅಂಕಿಗಳನ್ನೂ ಮಕ್ಕಳ ಮುಂದಿಟ್ಟು, ಇವು ನಿಜವೇ ಹುಡುಕಿರಿ ಎಂದು ಹೇಳಿರಿ. ಒಂದು ಮಗು ನನ್ನ ಒಂದು ತಪ್ಪನ್ನು ಹಿಡಿದು ಸಂಪಾದಕರಿಗೆ ಕಾಗದ ಬರೆದರೆ, ಅದನ್ನು ಇದೇ ಪುಟದಲ್ಲಿ ಅಚ್ಚು ಹಾಕಬೇಕೆಂದು ಅವರನ್ನು ಈಗಲೇ ಕೇಳಿಕೊಂಡಿದ್ದೇನೆ.