ತಲೆಯೊಂದೇ ಬೆಳೆದರೆ ದೇಹವು ಬಾಳುವದೆ?

ನಾಡು ಬೆಳೆಯುತ್ತಲಿದೆ, ಜನ ಹೆಚ್ಚುತ್ತಲಿದ್ದಾರೆ ಎಂದು ಸಭೆಗಳಲ್ಲಿ ಹೇಳಿಕೊಳ್ಳುವ ವಾಡಿಕೆಯು ನಮ್ಮಲ್ಲಿ ಬಲವಾಗಿರುವದು. ಆದರೆ ಬೆಳೆದದ್ದು ನಾಡಿನ ಯಾವ ಭಾಗ, ಬಡವಾದದ್ದು ಯಾವ ಭಾಗ ಎಂದು ಕೇಳುವವರು ವಿರಳ. ಆ ಪ್ರಶ್ನೆಯನ್ನು ಇಂದು ನಾವು ವಾಚಕರ ಮುಂದೆ ಇಡುತ್ತೇವೆ. ಇದರ ಉತ್ತರವನ್ನು ಊಹಿಸಬೇಕಾದ ಕಾರಣವಿಲ್ಲ. ಸರಕಾರದ ಖಾನೇಸುಮಾರಿಯಲ್ಲಿಯೇ ಅದು ಅಚ್ಚಾಗಿರುವದು.

2001ರಲ್ಲಿ ಕರ್ನಾಟಕದ ಜನಸಂಖ್ಯೆಯು 5.28 ಕೋಟಿ, 2011ರಲ್ಲಿ 6.11 ಕೋಟಿ. ಹತ್ತು ವರ್ಷಗಳಲ್ಲಿ ಹೆಚ್ಚಿದ ಜನ ಸುಮಾರು 82 ಲಕ್ಷ. ಇದರಲ್ಲಿ ಸುಮಾರು 31 ಲಕ್ಷವು ಬೆಂಗಳೂರು ನಗರ ಜಿಲ್ಲೆಯೊಂದರ ಪಾಲು! ಆಗ ನಾಡಿನಲ್ಲಿದ್ದ 30 ಜಿಲ್ಲೆಗಳಲ್ಲಿ ಒಂದೇ ಜಿಲ್ಲೆಯು ಶೇಕಡಾ 47ರಷ್ಟು ಉಬ್ಬಿತು. ಅದೇ ದಶಕದಲ್ಲಿ ಕೊಡಗಿನ ಜನ ಶೇಕಡಾ 1ರಷ್ಟು ಮಾತ್ರ ಹೆಚ್ಚಿದರು. ಮಂಡ್ಯ, ಹಾಸನ, ತುಮಕೂರು ಜಿಲ್ಲೆಗಳ ವೃದ್ಧಿಯು ಶೇಕಡಾ 4ನ್ನು ಮುಟ್ಟಲಿಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲಂತೂ ವೃದ್ಧಿಯ ಮಾತು ಹಾಗಿರಲಿ, ಇದ್ದ ಜನಸಂಖ್ಯೆಯೇ 11.41 ಲಕ್ಷದಿಂದ 11.38 ಲಕ್ಷಕ್ಕೆ ಇಳಿಯಿತು. 2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಆ ವರ್ಷ ನಡೆಯಲೇ ಇಲ್ಲ. ಮನೆಯಲ್ಲಿ ಎಷ್ಟು ಜನ ಉಣ್ಣುವರೆಂಬುದನ್ನೇ ಎಣಿಸದೆ ಅಡಿಗೆಗೆ ನಿಂತವರ ಪಾಡು ನಮ್ಮ ಯೋಜನಾಕರ್ತರದಾಯಿತು.

ಇದರ ಇನ್ನೊಂದು ಮುಖವನ್ನು ಕಾಣಬೇಕಾದರೆ ಯಾದಗಿರಿಯ ಕಡೆಗೆ ದೃಷ್ಟಿಯನ್ನು ಹೊರಳಿಸಬೇಕು. ಆ ಸೀಮೆಯ ಜನಸಂಖ್ಯೆಯು ಅದೇ ಹತ್ತು ವರ್ಷಗಳಲ್ಲಿ ಶೇಕಡಾ 22ಕ್ಕೂ ಮಿಕ್ಕಿ ಬೆಳೆಯಿತು. ಆದರೆ ಜನ ಬೆಳೆದಂತೆ ಬಾಳು ಬೆಳೆಯಿತೆ? 2011ರಲ್ಲಿ ಅಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 52 ಜನ. ದಕ್ಷಿಣ ಕನ್ನಡದಲ್ಲಿ 88ಕ್ಕೂ ಹೆಚ್ಚು. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಬಡ ಕುಟುಂಬಗಳು ಮಕ್ಕಳುಮರಿಗಳೊಡನೆ ಗುಳೆ ಹೊರಡುವವು. ಮಲೆನಾಡಿನಿಂದ ಓದಿದ ತರುಣನು ಹೋಗುವನು. ಬಯಲುಸೀಮೆಯಿಂದ ಓದದ ಕೂಲಿಯು ಹೋಗುವನು. ಒಬ್ಬನು ಮೇಜಿನ ಮುಂದೆ ಕೂಡುವನು, ಇನ್ನೊಬ್ಬನು ಅದೇ ಕಟ್ಟಡಕ್ಕೆ ಇಟ್ಟಿಗೆ ಹೊರುವನು. ಇಬ್ಬರ ಊರೂ ಬರಿದಾಗುವದು.

ಈ ರೋಗಕ್ಕೆ ಎರಡು ಬಗೆಯ ವೈದ್ಯರು ಎರಡು ಬಗೆಯ ಮದ್ದು ಹೇಳುತ್ತಿರುವರು. ಪರಸ್ಥಳದವರು ಬಂದದ್ದರಿಂದಲೇ ರಾಜಧಾನಿಯು ಉಬ್ಬಿತು, ಅವರನ್ನು ತಡೆದರೆ ಸಾಕು ಎಂಬುದು ಮೊದಲನೆಯವರ ಮಾತು. ಬೆಂಗಳೂರಿಗೆ ವಲಸೆ ಬಂದವರಲ್ಲಿ ಬಹು ದೊಡ್ಡ ಪಾಲು ನಮ್ಮವೇ ಜಿಲ್ಲೆಗಳಿಂದ ಬಂದವರೆಂಬುದನ್ನು ಇವರು ಮರೆಯುವರು. ಕಲಬುರ್ಗಿಯ ಮಗನನ್ನು ಯಾವ ಗಡಿಯಲ್ಲಿ ನಿಲ್ಲಿಸುವಿರಿ? ಕನ್ನಡಿಗರೇ ಹೆಚ್ಚು ಮಕ್ಕಳನ್ನು ಹೆತ್ತು ಸಂಖ್ಯೆಯನ್ನು ಹೆಚ್ಚಿಸಬೇಕೆಂಬುದು ಎರಡನೆಯವರ ಬೋಧೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆಯು ಇದ್ದಂತೆ ನಿಲ್ಲಲು ಬೇಕಾದದ್ದು 2.1. ಇದು ನಿಜ. ಆದರೆ ಹುಟ್ಟಿದ ಮಗುವಿಗೆ ತನ್ನ ತಾಲೂಕಿನಲ್ಲಿ ವಿದ್ಯೆಯಿಲ್ಲ, ಉದ್ಯೋಗವಿಲ್ಲ ಎಂದಮೇಲೆ ಇನ್ನೊಂದು ಮಗುವನ್ನು ಹೆತ್ತು ಕೊಡೆಂದು ತಾಯಿಯನ್ನು ಕೇಳಲು ನಮಗೆ ನಾಚಿಕೆಯಾಗಬೇಡವೆ?

ದೋಷವು ಬಂದವರಲ್ಲಿಯೂ ಇಲ್ಲ, ಹೆರದವರಲ್ಲಿಯೂ ಇಲ್ಲ. ಎಲ್ಲವನ್ನೂ ಒಂದೇ ಊರಿನಲ್ಲಿ ಗುಡ್ಡೆ ಹಾಕಿದ ರಾಜನೀತಿಯಲ್ಲಿದೆ. ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಐದು ಆಡಳಿತಗಳಲ್ಲಿ ಹರಿದುಹೋಗಿದ್ದ ಕನ್ನಡಿಗರು 1956ರ ನವೆಂಬರ 1ರಂದು ಒಂದಾದರು. ದೂರದ ರಾಜಧಾನಿಯ ಅಂಚಿನಲ್ಲಿ ಅನಾಥರಾಗಿ ಬಿದ್ದಿರಬಾರದೆಂಬುದೇ ಏಕೀಕರಣದ ಹಂಬಲವಾಗಿತ್ತು. ರಾಜಧಾನಿಯ ಹೆಸರು ಬದಲಾಗಿ ಅಂಚು ಅಂಚಾಗಿಯೇ ಉಳಿದರೆ ಕೂಡಿದ್ದರ ಫಲವೇನು?

ಮನಸ್ಸು ಮಾಡಿದರೆ ಮಾರ್ಗವುಂಟು. ನ್ಯಾಯಾಲಯದ ಮೆಟ್ಟಿಲನ್ನು ತುಳಿದು ಬಲ್ಲ ನಾವು ಒಂದು ಉದಾಹರಣೆಯನ್ನು ಕೊಡುವೆವು. ಬೀದರದ ಕಕ್ಷಿದಾರನು ಉಚ್ಚ ನ್ಯಾಯಾಲಯಕ್ಕಾಗಿ ಸುಮಾರು 700 ಕಿಲೋಮೀಟರು ದಾರಿ ಸವೆಸಬೇಕಾಗಿತ್ತು. ದೀರ್ಘ ಹೋರಾಟದ ತರುವಾಯ 2008ರಲ್ಲಿ ಧಾರವಾಡ, ಕಲಬುರ್ಗಿಗಳಲ್ಲಿ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಕಾಯಮಾದವು. ಆಕಾಶವೇನೂ ಕಳಚಿ ಬೀಳಲಿಲ್ಲ. ನ್ಯಾಯವು ಊರ ಹತ್ತಿರ ಬರಬಹುದಾದರೆ ಕಚೇರಿ, ಕಾರಖಾನೆ, ಕಾಲೇಜುಗಳು ಬರಬಾರದೆ? 2002ರಲ್ಲಿ ನಂಜುಂಡಪ್ಪ ಸಮಿತಿಯು 175 ತಾಲೂಕುಗಳಲ್ಲಿ 114 ತಾಲೂಕುಗಳು ಹಿಂದುಳಿದವೆಂದು ಪಟ್ಟಿ ಮಾಡಿಕೊಟ್ಟಿತು. 2013ರಲ್ಲಿ ಕಲಬುರ್ಗಿ ಸೀಮೆಗಾಗಿ ರಾಜ್ಯಾಂಗಕ್ಕೆ 371ಜೆ ವಿಧಿಯು ಸೇರಿತು. ಅದಕ್ಕೆ ಮುಂಚೆ 2012ರಲ್ಲಿಯೇ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವು ತೆರೆಯಿತು. ವರದಿಯುಂಟು, ವಿಧಿಯುಂಟು, ಸೌಧವುಂಟು. ಆದರೆ ಆ ಸೌಧದಲ್ಲಿ ಶಾಸಕರು ಕೂಡುವದು ವರ್ಷಕ್ಕೆ ಕೆಲವೇ ದಿನ! ದೇವರನ್ನು ಉತ್ಸವದ ದಿನ ಮಾತ್ರ ಹೊರಗೆ ತಂದು ಮೆರೆಸಿದಂತೆ ಆಡಳಿತವನ್ನು ಮೆರೆಸಿದರೆ ಸಾಲದು. ಅದು ಅಲ್ಲಿಯೇ ನೆಲೆಸಬೇಕು.

ಉಪಾಧ್ಯಾಯ ಬಾಂಧವರಲ್ಲಿಯೂ ಪಟ್ಟಣದ ಸುಶಿಕ್ಷಿತರಲ್ಲಿಯೂ ನಮ್ಮ ವಿಜ್ಞಾಪನೆಯೊಂದುಂಟು. ನಿಮ್ಮ ಶಾಲೆಯ ಹಾಜರಿ ಪುಸ್ತಕವು ಯಾವ ಗಣತಿಗೂ ಕಡಿಮೆಯಾದುದಲ್ಲ. ಹತ್ತು ವರ್ಷಗಳ ಹಿಂದೆ ನಿಮ್ಮ ಊರಿನ ಒಂದನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಈಗ ಎಷ್ಟು, ಹತ್ತನೆಯದನ್ನು ಮುಗಿಸಿದವರು ಎಲ್ಲಿಗೆ ಹೋದರು, ಮರಳಿ ಬಂದವರೆಷ್ಟು ಎಂಬ ಲೆಕ್ಕವನ್ನು ತಾಲೂಕು ತಾಲೂಕಿನಲ್ಲಿ ಬರೆದಿಡಿರಿ. ಮತ ಕೇಳಲು ಬಂದವರ ಕೈಯಲ್ಲಿ ಹೂಮಾಲೆಯ ಬದಲು ಆ ಲೆಕ್ಕದ ಹಾಳೆಯನ್ನು ಕೊಡಿರಿ. ಜಾತಿಯ ತಲೆಗಳನ್ನೆಣಿಸುವದರಲ್ಲಿ ಪಳಗಿದ ನಮ್ಮ ಧುರೀಣರು ಊರು ಬಿಟ್ಟುಹೋದ ತಲೆಗಳನ್ನೂ ಒಮ್ಮೆ ಎಣಿಸಲಿ. ಎಣಿಸಿ, ಅವರು ಮರಳಿ ಬರುವದಕ್ಕೆ ಏನು ಮಾಡುವರೆಂಬುದನ್ನು ನಿಮ್ಮ ಊರಿನ ಸಭೆಯಲ್ಲಿಯೇ ನಿಂತು ಹೇಳಲಿ.