ದಾರುವೂ ಇಂಧನವೂ: ಒಂದು ಉಪೇಕ್ಷಿತ ವಿದ್ಯೆ

ಅಮರಸಿಂಹನ ಕೋಶವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರಿಗೆ ವನೌಷಧಿವರ್ಗದ ಒಂದು ಸೂಕ್ಷ್ಮ ನೆನಪಿರಬಹುದು. ಕಡಿದ ಮರಕ್ಕೆ ಕೋಶಕಾರನು ಎರಡು ಗುಂಪಿನ ಹೆಸರುಗಳನ್ನು ಹೇಳುತ್ತಾನೆ. ಕಾಷ್ಠ, ದಾರು ಎಂಬುವು ಒಂದು ಗುಂಪು. ಇಂಧನ, ಏಧಸ್, ಇಧ್ಮ, ಸಮಿತ್ ಎಂಬುವು ಮತ್ತೊಂದು ಗುಂಪು. ಕಂಬ, ತೊಲೆ, ಬಾಗಿಲು, ಬಂಡಿಗಳಿಗೆ ಒದಗುವ ಮರ ದಾರು. ಒಲೆಗೂ ಕುಂಡಕ್ಕೂ ಒದಗುವ ಮರ ಇಂಧನ ಎಂದು ಸ್ಥೂಲವಾಗಿ ಅರ್ಥಮಾಡಿಕೊಳ್ಳಬಹುದು. ಇಂದಿನ ವಿದ್ಯಾಸಂಸ್ಥೆಗಳಲ್ಲಿ ಸ್ನಾತಕೋತ್ತರ ಮಟ್ಟದಲ್ಲಿ ಬೋಧಿಸಲ್ಪಡುವ ದಾರುವಿಜ್ಞಾನವೂ ಈ ಎರಡು ಕವಲುಗಳಲ್ಲಿಯೇ ಬೆಳೆದಿದೆ. ಮರದ ಗುಣಧರ್ಮಗಳನ್ನು ಅರಿಯುವುದು ಒಂದು ಕವಲು. ಕಾಡಿನಿಂದಲೂ ತೋಟದಿಂದಲೂ ದೊರೆಯುವ ಕಟ್ಟಿಗೆ, ಕೊಂಬೆ, ತೊಗಟೆ, ಹೊಟ್ಟುಗಳನ್ನು ಸಂಸ್ಕರಿಸಿ ಶಾಖವನ್ನೂ ವಿದ್ಯುತ್ತನ್ನೂ ರಾಸಾಯನಿಕಗಳನ್ನೂ ಪಡೆಯುವುದು ಇನ್ನೊಂದು ಕವಲು.

ಈ ವಿದ್ಯೆಯ ಹೆಸರನ್ನು ಕೇಳಿದ ಕೂಡಲೇ ನಗುವವರೇ ಹೆಚ್ಚು. ಮರದ ಕೆಲಸ ಕಲಿಯಲು ಬಿ.ಎಸ್ಸಿ. ಮುಗಿಸಿ ಮತ್ತೆರಡು ವರ್ಷ ಓದಬೇಕೆ, ಅದನ್ನು ಊರಿನ ಬಡಗಿಯೇ ಕಲಿಸಲಾರನೆ ಎಂಬುದು ತಂದೆತಾಯಿಗಳ ಪ್ರಶ್ನೆ. ವಿದ್ಯಾರ್ಥಿವೇತನಗಳ ಪಟ್ಟಿಗಳಲ್ಲಿ ವೈದ್ಯಕೀಯಕ್ಕೂ ಇಂಜಿನಿಯರಿಂಗಿಗೂ ಮೀಸಲಾದ ಹೆಸರುಗಳು ಸಾಲಾಗಿ ಕಾಣುತ್ತವೆ. ಮರವನ್ನು ಓದುವವನಿಗೆ ಅಲ್ಲಿ ಸ್ಥಾನ ದೊರೆಯುವುದು ವಿರಳ. ಆ ನಗೆಯಲ್ಲಿ ಎರಡು ತಪ್ಪುಗಳು ಅಡಗಿವೆ. ಬಡಗಿಯ ಜ್ಞಾನ ಅಲ್ಪವಾದುದೆಂದು ಭಾವಿಸುವುದು ಮೊದಲನೆಯದು. ಆ ಜ್ಞಾನವೊಂದೇ ಈ ಕಾಲಕ್ಕೂ ಸಾಕೆಂದು ಭಾವಿಸುವುದು ಎರಡನೆಯದು.

ಮೊದಲನೆಯ ತಪ್ಪನ್ನು ತಿದ್ದಲು ಪ್ರಾಚೀನ ಗ್ರಂಥಗಳೇ ಸಾಕು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವನಸಂಪ್ರವೇಶವೆಂಬ ಅಧ್ಯಾಯವೇ ಇದೆ. ಪ್ರತಿಮೆಗೆ ಯಾವ ಮರ ಯೋಗ್ಯ, ಯಾವುದು ವರ್ಜ್ಯ ಎಂಬ ವಿಚಾರ ಅದರ ವಸ್ತು. ಮಯಮತದಂಥ ಶಿಲ್ಪಗ್ರಂಥಗಳೂ ಮರವನ್ನು ಆರಿಸುವ ಕ್ರಮವನ್ನು ಹೇಳುತ್ತವೆ. ಕನ್ನಡದಲ್ಲಿಯೇ ಹನ್ನೊಂದನೆಯ ಶತಮಾನದ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ವಾಸ್ತುವಿಗೂ ವೃಕ್ಷಾಯುರ್ವೇದಕ್ಕೂ ಸ್ಥಾನ ಕೊಟ್ಟಿದ್ದಾನೆ. ಗ್ರಂಥಗಳನ್ನು ಓದದ ಬಡಗಿಯ ಬಾಯಲ್ಲಿಯೂ ಇದೇ ವಿವೇಕ ಉಳಿದುಬಂದಿದೆ. ಗಾಲಿಯ ಗುಂಭಕ್ಕೆ ಜಾಲಿ, ಇರಚಿಗೆ ದಿಂಡಿಗ, ಬಾಗಿಲಿಗೆ ಸಾಗುವಾನಿ, ಚನ್ನಪಟ್ಟಣದ ಗೊಂಬೆಗೆ ಹಾಲೆಮರ ಎಂಬ ಆಯ್ಕೆ ಒಬ್ಬರ ಊಹೆಯಿಂದ ಹುಟ್ಟಿದುದಲ್ಲ. ತಲೆಮಾರುಗಳ ಪರೀಕ್ಷೆಯಿಂದ ನಿಂತದ್ದು. ಮರದ ಒಳಗಿನ ಗಟ್ಟಿಭಾಗವನ್ನು ಆತ ಕೆಚ್ಚು ಎನ್ನುತ್ತಾನೆ, ಕೆಲವೆಡೆ ಚೇಗು ಎನ್ನುತ್ತಾನೆ. ಧೀರನನ್ನು ಕೆಚ್ಚೆದೆಯವನೆಂದು ಹೊಗಳುವ ಕನ್ನಡಿಗರ ಮಾತಿಗೂ ಈ ಕೆಚ್ಚೇ ಆಧಾರ. ಹೊರಸುತ್ತಿನ ಬಿಳಿಯ ಭಾಗಕ್ಕೆ ಹುಳು ಬೇಗ ಬೀಳುತ್ತದೆ, ಕೆಚ್ಚು ಬಾಳುತ್ತದೆ ಎಂಬುದು ಆತನಿಗೆ ಗೊತ್ತು. ಕಾರಣವನ್ನು ಕೇಳಿದರೆ ಮಾತ್ರ ಆತ ಸುಮ್ಮನಾಗುತ್ತಾನೆ. ವಿಜ್ಞಾನದ ಕೆಲಸ ಪ್ರಾರಂಭವಾಗುವುದು ಆ ಮೌನದ ಎಡೆಯಲ್ಲಿ.

ಕಾರಣವಾದರೂ ಏನು? ಮರವು ಜೀವಂತವಾಗಿರುವಾಗ ಹೊರಸುತ್ತು ಬೇರಿನಿಂದ ನೀರನ್ನು ಮೇಲಕ್ಕೆ ಸಾಗಿಸುತ್ತದೆ, ಪಿಷ್ಟವನ್ನು ಕೂಡಿಡುತ್ತದೆ. ಆ ಪಿಷ್ಟವೇ ಹುಳುವಿಗೆ ಆಹಾರ. ವಯಸ್ಸಾದಂತೆ ಒಳಗಿನ ಪದರಗಳು ಈ ಕೆಲಸದಿಂದ ನಿವೃತ್ತವಾಗಿ, ಅಲ್ಲಿ ಹುಳುವಿಗೂ ಬೂಷ್ಟಿಗೂ ಸಲ್ಲದ ದ್ರವ್ಯಗಳು ತುಂಬಿಕೊಳ್ಳುತ್ತವೆ. ಸಾಗುವಾನಿಯ ಬಾಳಿಕೆಯೂ ಶ್ರೀಗಂಧದ ಪರಿಮಳವೂ ಈ ದ್ರವ್ಯಗಳಿಂದಲೇ ಬಂದುವು. ಇನ್ನು ಹಲಗೆ ಸೊಟ್ಟಗಾಗುವುದೇಕೆ? ಹಸಿಮರದ ತೇವವು ಅದರ ಒಣತೂಕದ ಶೇಕಡ ಸುಮಾರು 30ಕ್ಕೆ ಇಳಿಯುವವರೆಗೆ ಮರ ಕುಗ್ಗುವುದಿಲ್ಲ. ಅದಕ್ಕಿಂತ ಕೆಳಗಿಳಿದಾಗ ಕುಗ್ಗಲು ತೊಡಗುತ್ತದೆ. ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಕುಗ್ಗುವುದೂ ಇಲ್ಲ. ಉದ್ದಕ್ಕೆ ಲೆಕ್ಕಕ್ಕೆ ಬಾರದಷ್ಟು, ನಡುವಿನಿಂದ ತೊಗಟೆಯ ಕಡೆಗೆ ಸ್ವಲ್ಪ, ವಾರ್ಷಿಕ ಬಳೆಗಳ ಸುತ್ತಿನಲ್ಲಿ ಅದರ ಸುಮಾರು ಎರಡರಷ್ಟು. ಈ ವೈಷಮ್ಯದಿಂದಲೇ ಹಲಗೆ ಬಾಗುತ್ತದೆ, ಬಿರಿಯುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಮಾಡಿದ ಬಾಗಿಲು ಬೇಸಿಗೆಯ ವಿಜಯಪುರದಲ್ಲಿ ಸಂದು ಬಿಡುವುದು ಬಡಗಿಯ ದೋಷದಿಂದಲ್ಲ. ಗಾಳಿಯ ತೇವಕ್ಕೆ ತಕ್ಕಂತೆ ಮರವು ಹದಗೊಂಡಿರಲಿಲ್ಲವೆಂಬುದೇ ಅದಕ್ಕೆ ಕಾರಣ. ಈ ಹದವನ್ನು ಅಳೆಯುವುದು, ಬಿಸಿಗಾಳಿಯ ಕೋಣೆಗಳಲ್ಲಿ ಬಿರಿಯದಂತೆ ಒಣಗಿಸುವುದು, ಟಂಕಣಾದಿ ಲವಣಗಳ ದ್ರಾವಣದಿಂದ ಮರವನ್ನು ಹುಳುವಿನಿಂದ ರಕ್ಷಿಸುವುದು, ಇವೆಲ್ಲ ಎಂ.ಎಸ್ಸಿ. ವಿದ್ಯಾರ್ಥಿಯ ಪಾಠಗಳು.

ಹಾಗಾದರೆ ಪೂರ್ವಿಕರು ಇಷ್ಟೆಲ್ಲ ಓದದೆಯೇ ನೂರಾರು ವರ್ಷ ಬಾಳುವ ತೊಟ್ಟಿಮನೆಗಳನ್ನೂ ತೇರುಗಳನ್ನೂ ಕಟ್ಟಲಿಲ್ಲವೆ ಎಂದು ಕೇಳಬಹುದು. ಕಟ್ಟಿದರು ನಿಜ. ಆದರೆ ಅವರ ಕೈಗೆ ಬಂದ ಮರ ಬೇರೆ, ಇಂದಿನವರ ಕೈಗೆ ಬರುವ ಮರ ಬೇರೆ. ಎರಡನೆಯ ತಪ್ಪು ಇರುವುದು ಇಲ್ಲಿಯೇ. ಅಂದು ಹತ್ತಾರು ವರ್ಷ ಬೆಳೆದು ಕೆಚ್ಚುಗಟ್ಟಿದ ಕಾಡಿನ ಮರ ದೊರೆಯುತ್ತಿತ್ತು. ಒಣಗಿಸಲು ವರ್ಷಗಟ್ಟಲೆ ಬಿಡುವೂ ಇತ್ತು. 1988ರ ರಾಷ್ಟ್ರೀಯ ಅರಣ್ಯನೀತಿಯು ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ಕಾಡಿನ ಹೊರಗೆ ಬೆಳೆಸಿಕೊಳ್ಳಬೇಕೆಂದು ವಿಧಿಸಿತು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಡುಗಳಲ್ಲಿ ಮನಬಂದಂತೆ ಮರ ಕಡಿಯುವುದನ್ನು ತಡೆದು ಆಜ್ಞೆ ನೀಡಿತು. ಕಾಡಿನ ಹಿತಕ್ಕೆ ಇವು ಅವಶ್ಯವಾಗಿದ್ದುವು. ಪರಿಣಾಮವಾಗಿ ಇಂದು ಪೇಟೆಗೆ ಬರುವ ಮರದಲ್ಲಿ ಬಹುಪಾಲು ರೈತರ ಹೊಲಗಳ ನೀಲಗಿರಿ, ಹೆಬ್ಬೇವು, ಸಿಲ್ವರ್ ಓಕ್ ಮೊದಲಾದುವು. ಅದು ಸಾಲದೆ ಹೊರದೇಶಗಳಿಂದಲೂ ಮರ ಬರುತ್ತಿದೆ. ಹೊಲದ ಮರ ಬೇಗ ಬೆಳೆಯುತ್ತದೆ, ಎಳೆಯದಾಗಿಯೇ ಗರಗಸಕ್ಕೆ ಬರುತ್ತದೆ. ಎಳೆಯ ಮರದಲ್ಲಿ ಕೆಚ್ಚು ಕಡಿಮೆ, ತಿರುಚುವ ಗುಣ ಹೆಚ್ಚು. ಬಡಗಿಯ ಅಜ್ಜನ ಅನುಭವದಲ್ಲಿ ಹೆಬ್ಬೇವಿನ ಎಳೆಯ ದಿಮ್ಮಿಗೆ ಉತ್ತರವಿಲ್ಲ. ಎಳೆಮರದ ಗುಣವನ್ನು ಅರಿತು, ಅದನ್ನು ಹದಗೊಳಿಸಿ, ತೆಳುಪದರಗಳಾಗಿ ಸುಲಿದು ಅಂಟಿಸಿ ಬಾಳುವಂತೆ ಮಾಡುವ ಉಪಾಯ ಪ್ರಯೋಗಶಾಲೆಯಿಂದಲೇ ಬರಬೇಕು. ಆ ಉಪಾಯ ಬಾರದಿದ್ದರೆ ನಷ್ಟವಾಗುವುದು ಮರವನ್ನು ಬೆಳೆದ ರೈತನಿಗೆ.

ಶ್ರೀಗಂಧದ ಮಾತಂತೂ ಇನ್ನೂ ಸ್ಪಷ್ಟವಾದುದು. ಮೈಸೂರು ಸಂಸ್ಥಾನವು ಗಂಧದೆಣ್ಣೆಯ ಕಾರ್ಖಾನೆಯನ್ನು 1916ರಲ್ಲಿ ಪ್ರಾರಂಭಿಸಿತು. ದೀರ್ಘಕಾಲ ಸರಕಾರದ ಸ್ವತ್ತೇ ಆಗಿದ್ದ ಈ ಮರವು 2001ರ ಕಾನೂನು ತಿದ್ದುಪಡಿಯ ತರುವಾಯ ಬೆಳೆದವನ ಸ್ವತ್ತಾಯಿತು. ಅಂದಿನಿಂದ ಅನೇಕರು ಗಂಧವನ್ನು ನೆಟ್ಟಿದ್ದಾರೆ. ಆದರೆ ಗಂಧದ ಬೆಲೆಯಿರುವುದು ಅದರ ಗಾತ್ರದಲ್ಲಿ ಅಲ್ಲ, ಕೆಚ್ಚಿನಲ್ಲಿ. ಆ ಕೆಚ್ಚಿನ ಎಣ್ಣೆಯಲ್ಲಿ. ಒಂದೇ ವಯಸ್ಸಿನ, ಒಂದೇ ದಪ್ಪದ ಎರಡು ಮರಗಳಲ್ಲಿ ಕೆಚ್ಚು ಒಂದೇ ಸಮನಾಗಿರಬೇಕೆಂಬ ನಿಯಮವಿಲ್ಲ. ಹೊರಗೆ ನಿಂತು ನೋಡುವ ರೈತನಿಗೆ ಒಳಗಿನ ಸಂಪತ್ತು ತಿಳಿಯದು. ಇದನ್ನು ಅಳೆದು ಹೇಳಬಲ್ಲ ವಿದ್ಯಾವಂತನು ಜಿಲ್ಲೆಗೊಬ್ಬನಿದ್ದರೂ ಎಷ್ಟೋ ಮೋಸ, ಎಷ್ಟೋ ನಿರಾಶೆ ತಪ್ಪೀತು.

ಇಂಧನದ ಕವಲಿಗೂ ಕನ್ನಡ ನಾಡಿನ ಚರಿತ್ರೆಯೇ ಸಾಕ್ಷಿ. 1923ರಲ್ಲಿ ಕೆಲಸ ಪ್ರಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಕಟ್ಟಿಗೆಯ ಇದ್ದಿಲೇ ಅದಕ್ಕೆ ಆಹಾರ. ಗಾಳಿಯಿಲ್ಲದ ಪಾತ್ರೆಗಳಲ್ಲಿ ಮರವನ್ನು ಕಾಯಿಸಿ ಇದ್ದಿಲನ್ನು ಪಡೆಯುವುದರ ಜೊತೆಗೆ, ಹೊರಬರುವ ಹೊಗೆಯನ್ನು ತಣಿಸಿ ಮರದ ಮದ್ಯಸಾರವನ್ನೂ ಡಾಂಬರನ್ನೂ ಅಲ್ಲಿ ತೆಗೆಯುತ್ತಿದ್ದರು. ಒಲೆಯಲ್ಲಿ ಹೊಗೆಯಾಗಿ ಹೋಗುವುದರಲ್ಲಿ ಇಷ್ಟೊಂದು ದ್ರವ್ಯವಿದೆಯೆಂದು ಆ ಕಾರ್ಖಾನೆ ತೋರಿಸಿತು. ಜೊತೆಗೆ, ಕುಲುಮೆಯ ಹಸಿವು ಕಾಡಿನ ಬೆಳವಣಿಗೆಯನ್ನು ಮೀರಿದರೆ ಏನಾದೀತೆಂಬ ಪ್ರಶ್ನೆಯನ್ನೂ ಅದು ನಾಡಿನ ಮುಂದಿಟ್ಟಿತು.

ಆ ಪ್ರಶ್ನೆಗೆ ದಾಂಡೇಲಿಯ ಸೀಮೆಯ ಬಿದಿರು ಒಂದು ಉತ್ತರ ಹೇಳಿತು. ಕಾಗದದ ಕಾರ್ಖಾನೆಗೆ ಬಿದಿರನ್ನು ಒದಗಿಸುತ್ತಿದ್ದ ಕಾಡುಗಳು ಕ್ಷೀಣಿಸಿದುದರ ಕಾರಣವನ್ನು 1970ರ ದಶಕದಲ್ಲಿ ಮಾಧವ ಗಾಡ್ಗೀಳರು ಅಧ್ಯಯನ ಮಾಡಿದರು. ಮೆಳೆಯ ಬುಡದ ಮುಳ್ಳನ್ನು ತೆಗೆದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ನಂಬಿ ಅದನ್ನು ಸವರಲಾಗುತ್ತಿತ್ತು. ಮುಳ್ಳು ಹೋದ ಮೇಲೆ ಎಳೆಯ ಕಳಲೆ ದನಕರುಗಳಿಗೂ ಕಾಡುಪ್ರಾಣಿಗಳಿಗೂ ಆಹಾರವಾಗುತ್ತಿತ್ತು. ಇದು ಊರವರಿಗೆ ಮೊದಲೇ ತಿಳಿದಿತ್ತು, ಅವರನ್ನು ಕೇಳುವವರಿರಲಿಲ್ಲ. ದಾರುವಿದ್ಯೆಯನ್ನು ಓದುವ ವಿದ್ಯಾರ್ಥಿ ಪ್ರಯೋಗಶಾಲೆಯಿಂದ ಹೊರಗೆ ಬಂದು ಬಡಗಿಯನ್ನೂ ಕಾಡಿನ ಅಂಚಿನವರನ್ನೂ ಗುರುಗಳೆಂದು ಭಾವಿಸಬೇಕಾದ ಅಗತ್ಯವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ದೊರೆಯಲಾರದು.

ಸಮಾಧಾನ ಕೊಡುವ ಉದಾಹರಣೆಯೂ ಉಂಟು. 1974ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಹುಟ್ಟಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಘಟಕವು ಸೌದೆ ಉಳಿಸುವ ಒಲೆಯನ್ನು ರೂಪಿಸಿತು. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದುದು ಗೋಡೆಗೂ ಗಾಳಿಗೂ ಗೃಹಿಣಿಯ ಕಣ್ಣಿಗೂ ಹೋಗುತ್ತದೆ. 1980ರ ದಶಕದ ಕೊನೆಯಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯೆಂಬ ವಿದ್ಯುತ್ತಿಲ್ಲದ ಹಳ್ಳಿಯಲ್ಲಿ, ಕಟ್ಟಿಗೆಯನ್ನು ಮಿತವಾದ ಗಾಳಿಯಲ್ಲಿ ಅರೆಸುಟ್ಟು ಅದರಿಂದ ಉರಿಯುವ ಅನಿಲವನ್ನು ಪಡೆದು, ಆ ಅನಿಲದಿಂದ ಯಂತ್ರವನ್ನು ನಡೆಸಿ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದರು. ಕಟ್ಟಿಗೆಗಾಗಿ ಹಳ್ಳಿಯ ನೆಲದಲ್ಲಿಯೇ ಮರಗಳನ್ನು ಬೆಳೆಸಿದರು. ಬೆಳೆದಷ್ಟನ್ನು ಮಾತ್ರ ಸುಡುವುದು ಎಂಬ ಈ ಲೆಕ್ಕವೇ ಇಂಧನವಿದ್ಯೆಯ ಮೊದಲ ಪಾಠವೂ ಕೊನೆಯ ಪಾಠವೂ ಆಗಬೇಕು.

ಇಂಥ ವ್ಯಾಸಂಗಕ್ಕೆ ಸ್ಥಳಗಳಿಲ್ಲವೆಂದಲ್ಲ. 1906ರಲ್ಲಿ ಸ್ಥಾಪಿತವಾದ ಡೆಹರಾಡೂನಿನ ಅರಣ್ಯ ಸಂಶೋಧನ ಸಂಸ್ಥೆಯು 1991ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಗಿ, ದಾರುವಿಜ್ಞಾನ ಮತ್ತು ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಬೋಧಿಸುತ್ತ ಬಂದಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಪದವಿ ಪಡೆದವನಿಗೂ ಅಲ್ಲಿ ಬಾಗಿಲು ತೆರೆದಿದೆ. ಶಿರಸಿ, ಪೊನ್ನಂಪೇಟೆಗಳ ಅರಣ್ಯ ಮಹಾವಿದ್ಯಾಲಯಗಳಲ್ಲಿ ಅರಣ್ಯಶಾಸ್ತ್ರದ ಉನ್ನತ ವ್ಯಾಸಂಗವಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ, 1938ರ ಮೈಸೂರು ಸಂಸ್ಥಾನದ ಅರಣ್ಯ ಪ್ರಯೋಗಶಾಲೆಯಿಂದ ಬೆಳೆದು 1988ರಲ್ಲಿ ಈಗಿನ ರೂಪವನ್ನು ಪಡೆದ ದಾರುವಿಜ್ಞಾನ ಸಂಸ್ಥೆಯಿದೆ. ಕೊರತೆಯಿರುವುದು ಹೋಗುವ ವಿದ್ಯಾರ್ಥಿಗಳದು.

ಸಂಪಾದನೆಯ ಪ್ರಶ್ನೆಯನ್ನು ಮರೆಮಾಚುವುದು ಸಲ್ಲದು. ಈ ವಿದ್ಯೆಯಿಂದ ವೈದ್ಯನ ಆದಾಯ ಬಾರದು. ಊರಿನಲ್ಲಿ ಫಲಕ ತೂಗುಹಾಕಿ ಕುಳಿತರೆ ಜನ ಸಾಲುಗಟ್ಟಿ ಬಾರರು. ಪ್ಲೈವುಡ್, ಕಾಗದ, ಪೀಠೋಪಕರಣಗಳ ಕಾರ್ಖಾನೆಗಳಲ್ಲಿ, ಮರದ ಪರೀಕ್ಷಾಲಯಗಳಲ್ಲಿ, ಸಂಶೋಧನೆಯಲ್ಲಿ ಕೆಲಸವುಂಟು. ಸ್ವಂತ ಉದ್ಯಮಕ್ಕೂ ಅವಕಾಶವುಂಟು. ಮರಕೊಯ್ಯುವ ಮಿಲ್ಲಿನ ಹಿಂದೆ ಗುಡ್ಡೆಯಾಗಿ ಬಿದ್ದ ಹೊಟ್ಟನ್ನು ಶಾಖದಲ್ಲಿ ಒತ್ತಿದರೆ, ಮರದಲ್ಲಿರುವ ಲಿಗ್ನಿನ್ ಎಂಬ ದ್ರವ್ಯವೇ ಮೆದುವಾಗಿ ಅಂಟಿನಂತೆ ಹಿಡಿದು ಇಂಧನದ ಬಿಲ್ಲೆಯಾಗುತ್ತದೆ. ಬಲ್ಲವನಿಗೆ ಆ ಗುಡ್ಡೆಯೇ ಬಂಡವಾಳ, ಅರಿಯದವನಿಗೆ ಕಸ.

ಆದುದರಿಂದ ದಾನಿಗಳೂ ಹಿರಿಯ ವಿದ್ಯಾರ್ಥಿಗಳೂ ಚಿಂತಿಸಬೇಕಾದ ವಿಷಯವಿದು. ಪ್ರತಿವರ್ಷ ನೀಡುವ ವಿದ್ಯಾರ್ಥಿವೇತನಗಳಲ್ಲಿ ಒಂದೇ ಒಂದನ್ನು ದಾರುವಿದ್ಯೆಗೆ ಮೀಸಲಿಟ್ಟರೆ ಉಳಿದವುಗಳಿಗೆ ಊನವಾಗದು. ಬಡಗಿಯ ಮನೆಯಿಂದ ಬಂದು ವಿಜ್ಞಾನವನ್ನು ಓದಿದ ಹುಡುಗನಿಗೋ ಹುಡುಗಿಗೋ ಅದು ದೊರೆತರೆ ತಂದೆಯ ಕೈಯ ಅನುಭವವೂ ಮಕ್ಕಳ ಪುಸ್ತಕದ ತಿಳಿವೂ ಒಂದೇ ಮನೆಯಲ್ಲಿ ಕೂಡಿಯಾವು. ಉಪಾಧ್ಯಾಯರು ಮಾಡಬಹುದಾದ ಕೆಲಸವೂ ಉಂಟು. ಊರ ಸುತ್ತಲಿನ ಇಪ್ಪತ್ತು ಮೂವತ್ತು ಬಗೆಯ ಮರದ ತುಂಡುಗಳನ್ನು ಮಕ್ಕಳಿಂದ ಕೂಡಿಸಿ, ಪ್ರತಿಯೊಂದಕ್ಕೂ ಕನ್ನಡದ ಹೆಸರು, ಬಡಗಿ ಹೇಳಿದ ಗುಣ, ಒಣತೂಕ ಇವುಗಳನ್ನು ಬರೆದು ಒಂದು ಕಪಾಟಿನಲ್ಲಿಟ್ಟರೆ ಅದು ಶಾಲೆಯ ಮೊದಲ ದಾರುಶಾಲೆಯಾದೀತು. ಕೆಚ್ಚು, ಚೇಗು, ಎಳೆ, ಗಂಟು, ಹದ, ಕುಟ್ಟೆ ಎಂಬ ಶಬ್ದಗಳು ಬಡಗಿಯ ಬಾಯಿಂದ ಮಕ್ಕಳ ಪುಸ್ತಕಕ್ಕೆ ಬರಬೇಕು. ಇದ್ದ ಮಾತನ್ನು ಬಿಟ್ಟು ಹೊಸ ಪಾರಿಭಾಷಿಕಗಳನ್ನು ಹುಡುಕುತ್ತ ಹೊರಟರೆ ಕೆಚ್ಚನ್ನು ಎಸೆದು ತೊಗಟೆಯನ್ನು ಉಳಿಸಿಕೊಂಡಂತಾಗುವುದು.

ಊರಿನ ಹಳೆಯ ತೇರಿನ ಗಾಲಿ ಸವೆದಾಗ ಹೊಸದನ್ನು ಮಾಡಲು ಯಾವ ಮರ, ಎಷ್ಟು ಒಣಗಿದ್ದು, ಎತ್ತ ಕಡೆಯಿಂದ ಕೊಯ್ದದ್ದು ಎಂದು ಬಲ್ಲ ಮುದುಕರು ಒಬ್ಬೊಬ್ಬರಾಗಿ ತೆರಳುತ್ತಿದ್ದಾರೆ. ಅವರಿರುವಾಗಲೇ ಅವರ ಬಳಿ ಕುಳಿತು ಕೇಳಿ, ಕೇಳಿದುದನ್ನು ತಕ್ಕಡಿಯಲ್ಲಿ ತೂಗಿ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿಡುವ ತರುಣರು ಬೇಕಾಗಿದ್ದಾರೆ. ಅಂಥವರಲ್ಲಿ ಒಬ್ಬನಾದರೂ ಒಬ್ಬಳಾದರೂ ಈ ಶಾಲೆಯ ಅಂಗಳದಿಂದ ಹೊರಡಲೆಂದು ಆಶಿಸುವುದು ಅತ್ಯಾಶೆಯಾಗಲಾರದು.